ಹಲಸಿನ ಮರಕ್ಕೆ ಬಾಯಾದವಳು

ಗಾಳಿ ಎದ್ದರೆ ಸಾಕು, ಲುವಾಳ ಕೈಯಲ್ಲಿದ್ದ ಜೊಂಡು ಅಲ್ಲೇ ನಿಂತುಬಿಡುತ್ತಿತ್ತು. ನಮ್ಮ ಚಾಲಿ ನದಿಯ ದಂಡೆಯ ಊರುಗಳಲ್ಲಿ ಚಾಪೆ ನೇಯುವುದು ಇಬ್ಬರ ಕೆಲಸ. ಒಬ್ಬಳು ಕಡ್ಡಿಯ ತುದಿಗೆ ಜೊಂಡು ಸಿಕ್ಕಿಸಿ ಹುರಿಗಳ ನಡುವೆ ತೂರಿಸಬೇಕು, ಇನ್ನೊಬ್ಬಳು ಹಲಗೆಯಿಂದ ಧಡ್ ಎಂದು ಬಡಿದು ಕೂರಿಸಬೇಕು. ಈ ಮನೆಯಲ್ಲಿ ತೂರಿಸುವವಳು ಸೊಸೆ ಲುವಾ, ಬಡಿಯುವವಳು ಅತ್ತೆ ಮಿಯೆನ್. ತೂರಿಸುವ ಕೈ ನಿಂತರೆ ಬಡಿಯುವ ಕೈ ಬೆಪ್ಪಾಗಿ ಮೇಲೇ ಉಳಿಯುತ್ತದೆ.

"ಏನಾಯ್ತೇ? ಕೈಗೆ ಲಕ್ವ ಹೊಡೀತಾ?"

"ಮರ ಕಿರ್ ಅಂತು ಅತ್ತೆ."

"ನನ್ನ ಮಂಡೀನೂ ಕಿರ್ ಅನ್ನುತ್ತೆ. ಹಂಗಂತ ನನ್ನನ್ನೂ ಕಡಿದು ಹಾಕ್ತೀಯಾ? ತೂರಿಸು, ತೂರಿಸು."

ಕಡಿಯುವ ಮಾತನ್ನು ಲುವಾ ಎತ್ತಿಯೇ ಇರಲಿಲ್ಲ. ಹೇಗೆ ಎತ್ತಿಯಾಳು? ಮನೆಯ ಹಿಂದಿನ ಆ ಹಲಸು ಅವಳ ಮಾವ ಹುಟ್ಟಿದ ದಿನ ಅವನಪ್ಪ ನೆಟ್ಟಿದ್ದು. ಮಾವ ತೀರಿಕೊಂಡು ಮೂರು ವರ್ಷವಾಯಿತು. ಮರವೂ ಅಂದಿನಿಂದ ಒಂದು ಮಿಡಿ ಬಿಟ್ಟಿಲ್ಲ. ಬಿಡುವುದು ಹೋಗಲಿ, ವರ್ಷ ವರ್ಷಕ್ಕೂ ಮನೆಯ ಕಡೆ ಇಷ್ಟಿಷ್ಟೇ ವಾಲುತ್ತಿತ್ತು. ಅದರ ದೊಡ್ಡ ಕೊಂಬೆ ಈಗ ನೇರ ಹೆಂಚಿನ ಮೇಲಿದೆ. ಹೆಂಚಿನ ಕೆಳಗೆ ಲುವಾಳ ಮಗಳು ತೋಮ್ ಮಲಗುತ್ತಾಳೆ. ತೋಮ್ ಎಂದರೆ ನಮ್ಮಲ್ಲಿ ಸೀಗಡಿ. ಮಲಗುವಾಗ ಹಾಗೇ ಮುದುರಿಕೊಳ್ಳುತ್ತದೆ ಆ ಮಗು. ಬೇರೆ ಕೋಣೆಯಲ್ಲಿ ಮಲಗಿಸಿದರಾಯಿತಲ್ಲ ಎನ್ನಬೇಡಿ. ಇರುವುದೇ ಗೇಣುದ್ದದ ಮನೆ. ಅಷ್ಟು ದೊಡ್ಡ ಮರ ಬಿದ್ದರೆ ಕೋಣೆ ನೋಡಿಕೊಂಡು ಬೀಳುತ್ತದೆಯೇ?

ಊರು ಲುವಾಳನ್ನು ಪುಕ್ಕಲಿ ಎನ್ನುತ್ತಿತ್ತು. ಹೌದು, ಪುಕ್ಕಲಿಯೇ. ಅವಳು ಹುಟ್ಟಿದ್ದು ಸಮುದ್ರದಂಚಿನ ಉಪ್ಪಿನ ಗದ್ದೆಗಳ ಊರಿನಲ್ಲಿ. ಚಿಕ್ಕವಳಿದ್ದಾಗ ಒಂದು ಚಂಡಮಾರುತಕ್ಕೆ ಅಡುಗೆಮನೆಯ ಮೇಲೆ ಗಾಳಿಮರ ಉರುಳಿತು. ಒಳಗೆ ಅವಳ ತಮ್ಮನಿದ್ದ. ಅವನನ್ನು ಹೊರಗೆ ತೆಗೆದವರು ಅವಳ ಕಣ್ಣು ಮುಚ್ಚಿದ್ದರು. ಆದರೆ ಕಿವಿ ಮುಚ್ಚುವುದು ಯಾರಿಗೂ ಹೊಳೆಯಲಿಲ್ಲ. ಬೀಳುವ ಮೊದಲು ಮರ ಹೇಗೆ ನರಳುತ್ತದೆ ಎಂದು ಅವಳಿಗೆ ಆಗಿನಿಂದ ಗೊತ್ತು. ಮದುವೆಯಾಗಿ ಇಲ್ಲಿಗೆ ಬಂದವಳು ಮೊದಲು ನೋಡಿದ್ದು ಗಂಡನ ಮುಖವನ್ನಲ್ಲ, ಹಿತ್ತಿಲ ಮರವನ್ನು.

ಗಂಡ ತ್ವಾನ್ ಮರಳು ಸಾಗಿಸುವ ದೋಣಿಯಲ್ಲಿ ಕೆಲಸಕ್ಕಿದ್ದ. ಊರಿನವರ ಎದುರು ಹುಲಿ, ಅಮ್ಮನ ಎದುರು ಇಲಿ. ಫೋನಿನಲ್ಲಿ ಮರದ ಮಾತು ಬಂದರೆ ಸಾಕು, "ಅಮ್ಮನ್ನ ಕೇಳು" ಎಂದು ಜಾರಿಕೊಳ್ಳುತ್ತಿದ್ದ. ಅಮ್ಮನೋ, ಮರಕ್ಕೆ ಬಾಣಂತನ ಮಾಡುವುದರಲ್ಲಿ ಮುಳುಗಿದ್ದಳು. ಒಣಕೊಂಬೆ ಕೊಯ್ದ ಗಾಯಕ್ಕೆ ತನ್ನ ಎಲೆಯಡಿಕೆಯ ಸುಣ್ಣವನ್ನೇ ಬಳಿಯುವಳು. ಪೊಟರೆಗೆ ಕೆಮ್ಮಣ್ಣು, ಹೊಟ್ಟಿನ ಬೂದಿ ಕಲಸಿ ಮೆತ್ತುವಳು. ಇರುವೆಗೆ ಹೊಗೆಸೊಪ್ಪು ನೆನೆಸಿದ ನೀರು. ವಾಲಿದ ಕಡೆಗೆ ಬಿದಿರಿನ ಊರುಗೋಲು. ಗಂಡ ಬದುಕಿದ್ದಾಗ ಅವನ ಬೆನ್ನಿಗೂ ಇವಳು ಇಷ್ಟು ಎಣ್ಣೆ ತಿಕ್ಕಿದವಳಲ್ಲ ಎಂದು ನೆರೆಯವರು ನಗುತ್ತಿದ್ದರು.

ಒಮ್ಮೆ ಬಡಗಿ ಕ್ವೆ ಬೇಲಿ ದಾಟಿ ಬಂದು ಕಾಂಡವನ್ನು ಬೆರಳಿನಿಂದ ತಟ್ಟಿದ. "ಅಕ್ಕಾ, ಒಳಗೆ ಖಾಲಿ ಡೋಲು. ಮಳೆಗಾಲಕ್ಕೆ ಮುಂಚೆ ಇಳಿಸಿಬಿಡೋಣ. ಉಳಿದ ತಿರುಳಲ್ಲಿ ದೇವರ ಮಣೆ ಮಾಡ್ಕೊಡ್ತೀನಿ" ಎಂದ.

"ಗರಗಸ ಹಿಡ್ಕೊಂಡೋನ ಹತ್ರ ಮರದ ಆಯಸ್ಸು ಕೇಳ್ತಾರೇನೋ? ಹೋಗೋ, ನಿನ್ನ ಕಣ್ಣು ತಿರುಳಿನ ಮೇಲೆ" ಎಂದು ಮಿಯೆನ್ ಅವನನ್ನು ಓಡಿಸಿದಳು. ಮಗ್ಗದ ಹಿಂದೆ ಕುಳಿತಿದ್ದ ಲುವಾಳಿಗೆ ಎಲ್ಲ ಕೇಳಿಸಿತ್ತು. ಖಾಲಿ ಎಂದನಲ್ಲ! ಅಂದಿನಿಂದ ಬಟ್ಟೆ ಒಗೆಯುವಾಗ ಎದ್ದು ಬಂದು ಮಗುವನ್ನು ನೋಡುವಳು, ಅಕ್ಕಿ ತೊಳೆಯುವಾಗ ಎದ್ದು ಬಂದು ಮರವನ್ನು ನೋಡುವಳು. ಚಂಡಮಾರುತದ ತಿಂಗಳುಗಳು ಹತ್ತಿರ ಬರುತ್ತಿದ್ದವು.

ಅಷ್ಟರಲ್ಲಿ ಐದನೇ ತಿಂಗಳ ಐದನೇ ದಿನ ಬಂತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹುಳಿ ಹಣ್ಣು, ಹುದುಗಿಸಿದ ಅಂಟಕ್ಕಿ ತಿಂದು ಹೊಟ್ಟೆಯ ಹುಳ ಸಾಯಿಸುವ ಹಬ್ಬ. ನಡುಮಧ್ಯಾಹ್ನ ಹಿತ್ತಿಲಿನ ಮರಗಳ ವಿಚಾರಣೆ. ಕಾಯಿ ಬಿಡದ ಮರಕ್ಕೆ ಒಬ್ಬರು ಕತ್ತಿಯ ಬೆನ್ನಿನಿಂದ ಹೊಡೆದು ಗದರಿಸಬೇಕು. ಮರದ ಮೇಲೆ ಕುಳಿತ ಇನ್ನೊಬ್ಬರು ಮರವಾಗಿ ಉತ್ತರ ಕೊಡಬೇಕು: ಕಡೀಬೇಡಿ, ಈ ವರ್ಷ ಬಿಡ್ತೀನಿ. ಹಾಗೆ ಕೊಟ್ಟ ಮಾತು ಮರದ್ದೇ ಮಾತು, ಅದನ್ನು ಯಾರೂ ತೆಗೆದುಹಾಕುವಂತಿಲ್ಲ.

ಮಿಯೆನ್ ಮದುವೆಯಾಗಿ ಬಂದಾಗಿನಿಂದ ಆ ಹಲಸಿಗೆ ಬಾಯಾಗಿದ್ದವನು ಅವಳ ಗಂಡ. "ಬಿಡ್ತೀನಿ ಕಣೇ, ಮೊದ್ಲು ನೀನು ನನ್ನ ಬೈಯೋದು ಬಿಡು" ಎಂದು ಮೇಲಿನಿಂದ ಕೂಗುತ್ತಿದ್ದ. ಕೇಳುವುದಕ್ಕೆಂದೇ ಬೇಲಿಯಾಚೆ ಜನ ಸೇರುತ್ತಿದ್ದರು. ಅವನು ಹೋದ ಮೇಲೆ ವಿಚಾರಣೆಯೇ ನಡೆದಿರಲಿಲ್ಲ. ಈ ವರ್ಷ ಮಿಯೆನ್ ಹಟ ಹಿಡಿದಳು. ಯಾರೂ ಮಾತಾಡಿಸದಿದ್ದರೆ ಮರ ತಾನೇ ಏನು ಮಾಡೀತು ಎಂಬುದು ಅವಳ ವಾದ. ಕ್ವೆಯನ್ನು ಹತ್ತು ಎಂದಳು. "ನಂಗೆ ಹೆಂಡ್ತಿ ಮಕ್ಕಳು ಇದಾರೆ ಅಕ್ಕ" ಎಂದು ಅವನು ಕೈಮುಗಿದ. ಕೊನೆಗೆ ಎಪ್ಪತ್ತರ ಹತ್ತಿರದ ಆ ಮುದುಕಿ ತಾನೇ ಷರಾಯಿ ಮಡಚಿಕೊಂಡು ಏಣಿಗೆ ಕಾಲಿಟ್ಟಳು.

"ಅಯ್ಯೋ, ಇಳೀರಿ ಅತ್ತೆ! ನಾನು ಹತ್ತೀನಿ."

"ಹೆಂಗಸು ಹತ್ತಿದ್ರೆ ಹಣ್ಣು ಹುಳಿಯಾಗುತ್ತಂತೆ" ಎಂದು ಬೇಲಿಯಾಚೆಯಿಂದ ಒಬ್ಬಳು ನಕ್ಕಳು.

"ಮೊದ್ಲು ಹಣ್ಣಾಗ್ಲಿ, ಆಮೇಲೆ ಹುಳಿ ನೋಡೋಣ. ನೀನು ಹತ್ತೇ" ಎಂದಳು ಅತ್ತೆ.

ಲುವಾ ಹತ್ತಿದಳು. ಕವಲಿನಲ್ಲಿ ಕುಳಿತು ಬಲಗಾಲು ಊರಿದಳು, ಊರಿದ್ದೇ ತಡ, ಅತ್ತೆ ಮೆತ್ತಿದ್ದ ಮಣ್ಣು ಕುಸಿದು ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ತಳ ಸಿಗಲಿಲ್ಲ. ಎಳೆದುಕೊಂಡು ಇಣುಕಿದರೆ ಕಗ್ಗತ್ತಲು. ಕೆಂಪು ಪುಡಿ, ಬಿಳಿ ಇರುವೆ, ಕೊಳೆತ ವಾಸನೆ. ಇಷ್ಟು ದಿನ ನಿಂತಿದ್ದು ಬರೀ ಸಿಪ್ಪೆ. ಕಾಲ ಕೆಳಗೇ ಹೆಂಚು. ಹೆಂಚಿನ ಒಳಗಿಂದ ತೋಮ್ ಕೆಮ್ಮಿದ್ದು ಕೇಳಿಸಿತು.

ಕೆಳಗಿನಿಂದ ಕತ್ತಿಯ ಏಟು ಬಿತ್ತು. ಮರದ ಹೊಟ್ಟೆಯೊಳಗೆ ಅದು ಬುಡ್ ಎಂದು ಮೊಳಗಿ ಲುವಾಳ ಪಾದಕ್ಕೆ ಬಂತು.

"ಏ ಹಲಸೇ! ಸುಣ್ಣ ಬಳಿಸ್ಕೊಂಡೆ, ಗೊಬ್ಬರ ತಿಂದೆ, ಒಂದು ಮಿಡೀಗೂ ಗತಿಯಿಲ್ವಲ್ಲೇ, ನಾಚಿಕೆ ಆಗಲ್ವಾ? ಈ ವರ್ಷ ಬಿಡ್ತೀಯೋ, ಕಡಿದು ಒಲೆಗಿಡ್ಲೋ?"

ಲುವಾ ಬಾಯಿ ತೆರೆದಳು. ಬಿಡ್ತೀನಿ ಎನ್ನುವುದೊಂದೇ ಮಾತು. ಅಂದರೆ ಮುಗಿಯಿತು, ಚಂಡಮಾರುತ ಕಳೆಯುವವರೆಗೂ ಮರ ಇಲ್ಲೇ, ಮಗು ಅದರ ಕೆಳಗೇ.

"ಮರಕ್ಕೆ ಬಾಯಿ ಬಿದ್ದೋಯ್ತೇನೋ!" ಬೇಲಿಯಾಚೆ ನಗು.

ಇನ್ನೊಂದು ಏಟು. "ಬೊಗಳೇ! ಬಿಡ್ತೀಯೋ ಇಲ್ವೋ?"

"ಯಜಮಾನಮ್ಮಾ…" ಲುವಾಳ ದನಿ ಅವಳಿಗೇ ಹೊಸದಾಗಿತ್ತು. "ನನ್ನ ಕೈಲಾಗಲ್ಲ."

ನಗು ನಿಂತಿತು.

"ಹೊಟ್ಟೆ ಪೂರ್ತಿ ಪುಡಿಯಾಗಿದೆ ಯಜಮಾನಮ್ಮಾ. ನೀವು ಮೆತ್ತಿದ್ದು ನಿಲ್ತಿಲ್ಲ. ಗಾಳಿ ಬಂದ್ರೆ ಮಗು ಮೇಲೆ ಬಿದ್ದುಬಿಡ್ತೀನೇನೋ ಅಂತ ನಂಗೇ ಜೀವ ಹೋಗುತ್ತೆ."

ಮಿಯೆನ್ ಕತ್ತಿ ಇಳಿಸಿದಳು.

"ಎಷ್ಟು ದಿನದಿಂದ ಈ ಭಯ ನಿಂಗೆ?"

"ಮಗು ಹುಟ್ಟಿದಾಗಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಇಷ್ಟು ಅಂದಮೇಲೆ ಲುವಾಳಿಗೆ ದಿಗಿಲಾಯಿತು. ಸೊಸೆಯಾಗಿ ಆಡಲಾರದ ಮಾತನ್ನು ಮರದ ಮರೆಯಲ್ಲಿ ಆಡಿದ್ದಾಯಿತು. ಇನ್ನು ಈ ಮನೆಯಲ್ಲಿ ತನ್ನ ಗತಿ ಏನು? ಕೆಳಗೆ ನೋಡಿದರೆ ಅತ್ತೆಯ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ಕಾಂಡಕ್ಕೆ ಅಂಗೈ ಒತ್ತಿಕೊಂಡು, ಬೇಲಿಯವರಿಗೆ ಕೇಳಿಸದ ಹಾಗೆ ಮೆಲ್ಲಗೆ ಕೇಳುತ್ತಿದ್ದಳು.

"ನಿನ್ನ ಕಡಿಸಿಬಿಟ್ರೆ, ವರ್ಷಕ್ಕೊಂದು ಸಲ ನಾನು ಯಾರ ಹತ್ರ ಜಗಳ ಆಡ್ಲಿ?"

ಲುವಾಳ ಕಣ್ಣಲ್ಲಿ ನೀರು ಬಂತು. "ನಾನಿದೀನಲ್ಲ ಅತ್ತೆ" ಎಂದಳು.

"ನಾನು ಮರನ ಕೇಳಿದ್ದು. ನೀನು ಸುಮ್ನಿರು."

ಮಿಯೆನ್ ಕತ್ತೆತ್ತಿ ಕಾದಳು. ಇಷ್ಟು ವರ್ಷ ಹಾಳಾಗಿಹೋಗಲಿ ಎಂದು ಶಪಿಸಿದ ಮರವನ್ನೇ ಲುವಾ ತಬ್ಬಿಕೊಂಡು ಕುಳಿತಳು. ಬೇಲಿಯಾಚೆಯವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗೆ ಹೋದರು.

"ಆಯ್ತು, ಇಳಿ" ಎಂದಳು ಮಿಯೆನ್ ಕೊನೆಗೆ. "ಸಂಜೆ ಕ್ವೆಗೆ ಹೇಳಿಕಳ್ಸೋಣ. ಎಡಗಾಲು ಮೊದ್ಲು ಇಡು, ಆ ಕಡೆ ಇನ್ನೂ ಸ್ವಲ್ಪ ಗಟ್ಟಿ ಇದೆ. ಬಲಗಡೆ ಟೊಳ್ಳಾಗಿ ಎರಡು ವರ್ಷ ಆಯ್ತು."

ಲುವಾ ಕುಳಿತಲ್ಲಿಂದಲೇ ಅತ್ತೆಯನ್ನು ನೋಡಿದಳು. ಆಮೇಲೆ ಎಡಗಾಲು ಮೊದಲಿಟ್ಟು ಇಳಿದಳು.