ಒಂಬತ್ತು ಹೆಸರು, ಒಂದು ಭುಜ

ಅಮೆರಿಕದ ಏಪೆಕ್ಸ್ ಎಂಬ ಊರಿನ ಫಿಸಿಯೋಥೆರಪಿ ಕ್ಲಿನಿಕ್ಕೊಂದಕ್ಕೆ ನಾನು ಸೇರಿ ಎರಡು ವರ್ಷವಾಗಿತ್ತು. ಕೋವಿಡ್ ಗಲಾಟೆ ತಣ್ಣಗಾದ ಮೇಲೆ ನಮ್ಮ ಮ್ಯಾನೇಜರ್ ಐಸ್‌ಹಾಕಿ ಆಡುವ ತಂಡವೊಂದರ ಜೊತೆ ಒಪ್ಪಂದ ಮಾಡಿಕೊಂಡು, ವಾರಕ್ಕೆರಡು ದಿನ ಅವರ ಮಂಜುಗಡ್ಡೆಯ ಅಂಗಣಕ್ಕೆ, ಅಂದರೆ ರಿಂಕ್‌ಗೆ, ನನ್ನನ್ನು ಕಳಿಸತೊಡಗಿದರು. "ಹಾಕಿ ಗೊತ್ತಾ ನಿನಗೆ?" ಎಂದು ಕೇಳಿದಾಗ ಗೊತ್ತು ಎಂದಿದ್ದೆ. ಮೈಸೂರಿನಲ್ಲಿ ಓದುವಾಗ ಕೊಡಗಿನ ಗೆಳತಿಯ ಜೊತೆ ಹೋಗಿ ಅವರ ಕುಟುಂಬಗಳ ಪಂದ್ಯಗಳಲ್ಲಿ ಎಷ್ಟೋ ಜನರ ಕಾಲಿಗೆ ಪಟ್ಟಿ ಸುತ್ತಿದ್ದವಳು ನಾನು. ಇಲ್ಲಿಯ ಹಾಕಿ ಬೇರೆಯೇ ಎಂದು ಮೊದಲ ದಿನವೇ ತಿಳಿಯಿತು. ಮಂಜುಗಡ್ಡೆಯ ಮೇಲೆ ಅಷ್ಟು ವೇಗದಲ್ಲಿ ಬರುವ ಇಬ್ಬರು ಗಂಡಸರು ಗೋಡೆಗೆ ಡಿಕ್ಕಿ ಹೊಡೆದಾಗ ಆಗುವ ಸದ್ದಿಗೆ ನನ್ನ ಕೈಯಲ್ಲಿದ್ದ ಕಾಫಿ ಚೆಲ್ಲಿತ್ತು.

ಟಿವಿಯಲ್ಲಿ ಬರುವ ದೊಡ್ಡ ಲೀಗ್ ಅಲ್ಲ ಅದು. ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನದು. ಆದರೆ ಆಡುವವರಿಗೆ ಆಟವೇ ಉದ್ಯೋಗ, ವರ್ಷ ವರ್ಷವೂ ಹೊಸದಾಗಿ ಒಪ್ಪಂದ. ಅವರಲ್ಲಿ ನಾಲ್ಕನೇ ನಂಬರಿನ ಅಂಗಿ ತೊಡುತ್ತಿದ್ದವನು ಎಲ್ಲರಿಗಿಂತ ಹಿರಿಯ. ಮೂವತ್ತೊಂದು ವರ್ಷ, ಡಿಫೆನ್ಸ್‌ನಲ್ಲಿ ಆಡುತ್ತಿದ್ದ. ಹತ್ತು ವರ್ಷದಲ್ಲಿ ಏಳು ಊರು ಬದಲಾಯಿಸಿ ಕೊನೆಗೆ ನಮ್ಮ ಕಡೆ ಬಂದು ನಿಂತಿದ್ದ. ಅವನ ಹೆಂಡತಿ ಏಪೆಕ್ಸ್‌ನಲ್ಲೇ ಮಕ್ಕಳ ಶಾಲೆಯ ಟೀಚರು. ನನ್ನ ಮಗಳು ಅವರ ತರಗತಿಯಲ್ಲಿದ್ದಳು, ಮುಂದಿನ ವರ್ಷವೂ ಅವರ ಬಳಿಯೇ ಇರಬೇಕಾದವಳು.

ಮಗಳ ವಿಷಯ ಇಲ್ಲಿ ಹೇಳಲೇಬೇಕು. ಆಗ ಅವಳಿಗೆ ನಾಲ್ಕು ವರ್ಷ. ಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ, ಶಾಲೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಐದು ತಿಂಗಳು ಹಾಗೆಯೇ ಹೋಯಿತು. ಡಾಕ್ಟರಿಗೆ ತೋರಿಸಿದೆವು, ದಿಗಿಲುಬಿದ್ದು ದೇವರಿಗೂ ಹೇಳಿಕೊಂಡೆವು. ಒಂದು ದಿನ ಆ ಟೀಚರು ನನ್ನ ಕಾರಿನ ಬಳಿ ಬಂದು, "ಇವತ್ತು ಅವಳು ನನ್ನ ಹತ್ತಿರ ನೀರು ಕೇಳಿದಳು" ಎಂದರು. ಅಷ್ಟಕ್ಕೇ ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತಿದ್ದೆ.

ಆ ಜನವರಿಯಲ್ಲಿ ನಾಲ್ಕನೇ ನಂಬರಿನವನ ಎಡಭುಜದ ಕೀಲು ತಪ್ಪಿತು. ಏಳು ವಾರ ಕೂತು, ಆಮೇಲೆ ಬೆಲ್ಟು ಬಿಗಿದುಕೊಂಡು ಮತ್ತೆ ಆಡಿದ. ಸೀಸನ್ ಮುಗಿಯುತ್ತಾ ಬಂದಾಗ ಲೀಗ್‌ನವರಿಂದ ಸುದ್ದಿ ಬಂತು: ಮುಂದಿನ ವರ್ಷದಿಂದ ಎರಡು ಹೊಸ ತಂಡಗಳು, ಒಂದು ಅಟ್ಲಾಂಟಾದ ಹೊರವಲಯದಲ್ಲಿ, ಇನ್ನೊಂದು ಉತ್ತರದಲ್ಲಿ ಎಲ್ಲೋ ದೂರ. ಹೊಸ ತಂಡಕ್ಕೆ ಆಟಗಾರರು ಆಕಾಶದಿಂದ ಉದುರುವುದಿಲ್ಲ, ಹಳೆಯ ತಂಡಗಳೇ ಕೊಡಬೇಕು. ಪ್ರತಿ ತಂಡವೂ ಒಂಬತ್ತು ಹೆಸರು ಬರೆದುಕೊಟ್ಟು ಅವರನ್ನು ಉಳಿಸಿಕೊಳ್ಳಬಹುದು. ಮಿಕ್ಕವರಲ್ಲಿ ಎರಡು ಹೊಸ ತಂಡಗಳೂ ತಲಾ ಒಬ್ಬರನ್ನು ಆರಿಸಿಕೊಳ್ಳುತ್ತವೆ. ಆರಿಸಿದರೆ ಹೋಗಬೇಕು, ಇಲ್ಲವೇ ಆಟ ಬಿಡಬೇಕು.

ಆ ವಾರ ರಿಂಕ್‌ನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ನನ್ನ ಮೇಜಿನ ಮೇಲೆ ಮಲಗಿದವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಅದನ್ನೇ ಕೇಳುತ್ತಿದ್ದರು. ಗೋಲ್‌ಕೀಪರ್ ಒಬ್ಬ, "ಮನೆಯ ಲೀಸ್ ರಿನ್ಯೂ ಮಾಡಲಾ ಬೇಡವಾ?" ಎಂದ. ನನಗೇನು ಗೊತ್ತು ಎಂದೆ. ಗೊತ್ತಿಲ್ಲದ್ದು ನಿಜವೇ ಆಗಿತ್ತು, ಸೋಮವಾರದವರೆಗೆ.

ಸೋಮವಾರ ಕೋಚ್ ನನ್ನನ್ನು ತಮ್ಮ ಕೋಣೆಗೆ ಕರೆದರು. ಅರವತ್ತು ಸಮೀಪಿಸುತ್ತಿದ್ದ, ಕಡಿಮೆ ಮಾತಿನ ಮನುಷ್ಯ. ಬಿಳಿ ಬೋರ್ಡಿನ ಮೇಲೆ ಎಂಟು ನಂಬರು ಬರೆದಿತ್ತು. ಒಂಬತ್ತನೆಯ ಜಾಗದಲ್ಲಿ ಎರಡು: ನಾಲ್ಕು ಮತ್ತು ಹತ್ತೊಂಬತ್ತು.

"ಹತ್ತೊಂಬತ್ತು ಚಿಕ್ಕವನು, ಇನ್ನೂ ಬೆಳೆಯುತ್ತಾನೆ. ಆದರೆ ನನಗೆ ನಾಲ್ಕು ಬೇಕು" ಎಂದರು. "ಭುಜ ನಿಲ್ಲುತ್ತದೆ ಅಂತ ನೀನು ಹೇಳಿದರೆ ನಾಲ್ಕನ್ನೇ ಬರೆಯುತ್ತೇನೆ. ಗುರುವಾರದೊಳಗೆ ರಿಪೋರ್ಟ್ ಕೊಡು."

ಮಾರನೆಯ ದಿನ ಅವನನ್ನು ಅಂಗಾತ ಮಲಗಿಸಿ ಪರೀಕ್ಷೆ ಮಾಡಿದೆ. ಬಲ ಸರಿಯಾಗಿತ್ತು. ತೋಳನ್ನು ಪಕ್ಕಕ್ಕೆ ಚಾಚಿ, ಮೊಣಕೈ ಮಡಿಸಿ, ಮುಂಗೈಯನ್ನು ನಿಧಾನಕ್ಕೆ ಹಿಂದೆ ಬಾಗಿಸಿದೆ. ಒಂದು ಹಂತದವರೆಗೆ ಏನೂ ಇಲ್ಲ. ಆಮೇಲೆ ಅವನ ಕತ್ತಿನ ನರಗಳು ಬಿಗಿದವು, ಉಸಿರು ನಿಂತಿತು. ನೋವಲ್ಲ ಅದು. ಕೀಲು ಮತ್ತೆ ಜಾರುತ್ತದೆಂಬ ಭಯ. ಬಾಯಿ ಸುಳ್ಳು ಹೇಳಬಹುದು, ಆ ಭಯವನ್ನು ಮೈ ಮುಚ್ಚಿಡಲಾರದು.

"ನೋವಿಲ್ಲ" ಎಂದ.

"ನೋವಿದೆಯಾ ಅಂತ ನಾನು ಕೇಳಲಿಲ್ಲ."

ಅವನು ಎದ್ದು ಕೂತು ಅಂಗಿ ಹಾಕಿಕೊಂಡ. ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಕೊನೆಗೆ, "ನೂರಕ್ಕೆ ನೂರು ಸರಿಯಾಗಿದೆ ಅಂತ ಬರೆದುಬಿಡು. ನನ್ನ ಹೆಂಡತಿಗೆ ಈ ಶಾಲೆ ಇಷ್ಟ. ಏಳು ಊರಿನಲ್ಲಿ ಮೊದಲ ಸಲ ಅವಳು ಗೋಡೆಗೆ ಮೊಳೆ ಹೊಡೆದು ಫೋಟೋ ಹಾಕಿದ್ದಾಳೆ" ಎಂದ.

ಮನೆಗೆ ಬಂದವಳು ಚಪ್ಪಲಿ ಬಿಚ್ಚದೆ ಸೋಫಾ ಮೇಲೆ ಕೂತೆ. ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ.

"ಏನಾಯ್ತೇ?"

ಹೇಳಬಾರದ್ದನ್ನು ಬಿಟ್ಟು ಹೇಳಬಹುದಾದಷ್ಟು ಹೇಳಿದೆ. ಅವನಿಗೆ ಯಾರೆಂದು ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ.

"ಟೀಚರ್ ಗಂಡಾನಾ?"

ನಾನು ಬಗ್ಗಿ ಚಪ್ಪಲಿ ಬಿಚ್ಚತೊಡಗಿದೆ.

"ಫಿಟ್ ಅಂತ ಬರ್ದ್‌ಬಿಡು. ಎಲ್ರಿಗೂ ಒಳ್ಳೇದೇ ಅಲ್ವಾ? ಅವ್ನಿಗೂ, ಕೋಚ್‌ಗೂ. ನಮ್ಗೂ."

"ಆ ಭುಜ ಮತ್ತೆ ಹೋದ್ರೆ?"

"ಹೋಗ್ದೇನೂ ಇರ್ಬಹುದಲ್ಲ."

"ಅದನ್ನೇ ನಾನು ಸೈನ್ ಮಾಡಿ ಕೊಡ್ಬೇಕಾ? ನನ್ ಲೈಸೆನ್ಸ್ ಹೋದ್ರೆ ವೀಸಾನೂ ಹೋಗತ್ತೆ. ಆಮೇಲೆ ಶಾಲೆ ಎಲ್ಲಿಂದ ಬಂತು?"

ಅಷ್ಟರಲ್ಲಿ ಮಗಳು ಒಳಗಿಂದ ಓಡಿಬಂದು ಟೀಚರ್ ಅಂಟಿಸಿದ್ದ ಸ್ಟಿಕ್ಕರ್ ತೋರಿಸಿದಳು. "ಅಮ್ಮ, ನಾನು ಇವತ್ತು ಸಾಂಗ್ ಹೇಳ್ದೆ. ಲೌಡ್ ಆಗಿ." ಗಂಡ ನನ್ನ ಮುಖ ನೋಡಿದ. ನಾನು ನೋಡಲಿಲ್ಲ.

ವೀಸಾದ ಮಾತು ಗಂಡನ ಬಾಯಿ ಮುಚ್ಚಿಸಲು ಆಡಿದ್ದು. ನಿಜವಾದ ಹೆದರಿಕೆ ಬೇರೆ. ಫಿಟ್ ಎಂದು ಬರೆದರೆ ಅದು ನನ್ನ ಮಗಳಿಗಾಗಿ ಬರೆದಂತೆ. ಫಿಟ್ ಅಲ್ಲ ಎಂದರೆ, ಮಗಳಿಗಾಗಿ ಬರೆಯಲಿಲ್ಲ ಎಂದು ನನಗೆ ನಾನೇ ಸಾಬೀತು ಮಾಡಲು ಬರೆದಂತೆ. ಎರಡೂ ಅವನ ಭುಜದ ಬಗ್ಗೆ ಅಲ್ಲ. ಬುಧವಾರ ಮಧ್ಯಾಹ್ನ ಅಳತೆಗಳನ್ನೆಲ್ಲ ಮುಂದೆ ಹರಡಿಕೊಂಡು, ಬೇರೆ ಯಾರೋ ಅಪರಿಚಿತನ ಭುಜ ಎಂದುಕೊಂಡು ಬರೆದೆ: ಬಲ ಮರಳಿದೆ, ತೋಳು ಹಿಂದಕ್ಕೆ ಹೋದಾಗ ಕೀಲು ಇನ್ನೂ ಭದ್ರವಿಲ್ಲ, ಈಗಲೇ ಪೂರ್ತಿ ಆಡಿದರೆ ಅಪಾಯ, ಬೇಸಿಗೆಯಲ್ಲಿ ಹನ್ನೆರಡು ವಾರ ಬಿಡದೆ ವ್ಯಾಯಾಮ ಮಾಡಿದರೆ ಸರಿಹೋಗುವ ಸಾಧ್ಯತೆ ಹೆಚ್ಚು.

ಕೋಚ್ ಅದನ್ನು ಎರಡು ಸಲ ಓದಿದರು. "ಇದು ಹೌದೋ, ಅಲ್ಲವೋ?"

"ಇಷ್ಟೇ ನನಗೆ ಗೊತ್ತಿರುವುದು."

"ನನ್ನ ಹತ್ತಿರ ಇರುವುದು ಒಂದೇ ಜಾಗ" ಎಂದರು. ಎದ್ದು ಬೋರ್ಡಿನ ಮೇಲಿದ್ದ ನಾಲ್ಕನ್ನು ಬೆರಳಿನಿಂದಲೇ ಒರೆಸಿದರು.

ಪಟ್ಟಿ ಹೊರಬಿದ್ದ ದಿನ ಅವನು ರಿಂಕ್‌ಗೆ ಬರಲಿಲ್ಲ. ಅವನನ್ನು ಯಾರೂ ಆರಿಸದೆ ಇದ್ದರೆ ಅವನು ನಮ್ಮಲ್ಲೇ ಉಳಿಯುತ್ತಿದ್ದ. ಗಾಯಗೊಂಡ, ಮೂವತ್ತು ದಾಟಿದ ಆಟಗಾರನನ್ನು ಯಾರು ಕೇಳುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಎರಡು ದಿನ ಬಿಟ್ಟು ಅಟ್ಲಾಂಟಾದ ಹೊಸ ತಂಡದ ಟ್ರೇನರ್ ಫೋನ್ ಮಾಡಿದ. ಭುಜದ ವಿವರ ಹಂಚಿಕೊಳ್ಳಬಹುದೆಂಬ ಆಟಗಾರನ ಒಪ್ಪಿಗೆಯ ಪತ್ರ ಮೊದಲೇ ಕಳಿಸಿದ್ದ.

"ರಿಪೋರ್ಟ್ ಓದಿದೆ. ನಿಮ್ಮ ಮನಸ್ಸಿನಲ್ಲಿ ಇರುವುದನ್ನು ಹೇಳಿ" ಎಂದ.

ಆ ಗಳಿಗೆ ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಧ್ವನಿಯನ್ನು ಒಂದಿಷ್ಟು ಇಳಿಸಿ, 'ನನಗೇನೋ ಅನುಮಾನ' ಎಂದಿದ್ದರೆ ಸಾಕಿತ್ತು. ಅವನು ಇಲ್ಲೇ ಉಳಿಯುತ್ತಿದ್ದ, ಟೀಚರು ಉಳಿಯುತ್ತಿದ್ದರು. ಅದು ಸುಳ್ಳೂ ಆಗುತ್ತಿರಲಿಲ್ಲ, ಅನುಮಾನ ಇದ್ದೇ ಇತ್ತಲ್ಲ. "ಬರೆದಿರುವುದೇ ನನ್ನ ಮನಸ್ಸಿನಲ್ಲಿರುವುದು" ಎಂದೆ. "ಹನ್ನೆರಡು ವಾರ ಮಾಡುತ್ತಾನಾ?" ಎಂದು ಕೇಳಿದ. "ಹೇಳಿದ್ದಕ್ಕಿಂತ ಒಂದು ದಿನವೂ ಕಡಿಮೆ ಮಾಡಿದವನಲ್ಲ" ಎಂದೆ. ಅದೂ ನಿಜ.

ಅಟ್ಲಾಂಟಾದವರು ಅವನನ್ನೇ ಆರಿಸಿದರು. ಹೊಸ ತಂಡದಲ್ಲಿ ಎಲ್ಲರೂ ಹುಡುಗರು, ಅವರನ್ನು ಹಿಡಿದು ನಿಲ್ಲಿಸಲು ಒಬ್ಬ ಹಿರಿಯ ಬೇಕಿತ್ತಂತೆ. ಸೀಸನ್ ಶುರುವಾಗುವ ಅಕ್ಟೋಬರ್‌ವರೆಗೆ ಕಾಯಲು ಅವರಿಗೆ ಪುರುಸೊತ್ತೂ ಇತ್ತು.

ಶಾಲೆಯ ಕೊನೆಯ ದಿನ ಮಗಳನ್ನು ಕರೆದುಕೊಂಡು ಬರಲು ಹೋದಾಗ ಟೀಚರು ಬಾಗಿಲ ಬಳಿ ನಿಂತಿದ್ದರು. ಮಕ್ಕಳೆಲ್ಲ ಹೋಗುವವರೆಗೂ ನಾನು ಹಿಂದೆಯೇ ಉಳಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಅವರೇ ಮೊದಲು ಮಾತಾಡಿದರು.

"ಅವನಿಗೆ ನಿಮ್ಮ ಮೇಲೆ ಕೋಪವಿಲ್ಲ" ಎಂದರು. "ನನಗಿತ್ತು. ಹೋದ ವಾರದವರೆಗೆ ಇತ್ತು."

"ಈಗ?"

"ಈಗ ಮನೆ ಖಾಲಿ ಮಾಡುವುದರಲ್ಲಿ ಸುಸ್ತಾಗಿದ್ದೇನೆ." ನಕ್ಕರು, ಆದರೆ ಕಣ್ಣು ನಗಲಿಲ್ಲ. "ನೀವು ಫಿಟ್ ಅಂತ ಬರೆದಿದ್ದರೆ ಅವನು ಈ ಬೇಸಿಗೆಯಲ್ಲಿ ವ್ಯಾಯಾಮ ಮಾಡುತ್ತಿರಲಿಲ್ಲ. ಅವನನ್ನು ನಾನು ಬಲ್ಲೆ. ಅದು ನನಗೆ ಗೊತ್ತಿದ್ದರೂ ಕೋಪ ಬಂತು, ನೋಡಿ."

ಕ್ಷಮಿಸಿ ಎನ್ನಲು ಹೊರಟವಳು ತಡೆದುಕೊಂಡೆ. ನಾನು ಮಾಡಿದ್ದು ತಪ್ಪಲ್ಲದಿದ್ದರೆ ಕ್ಷಮೆ ಯಾವುದಕ್ಕೆ? ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಆಗಸ್ಟ್‌ನಲ್ಲಿ ಹೊಸ ಟೀಚರ ತರಗತಿ ಶುರುವಾಯಿತು. ಮಗಳು ಮತ್ತೆ ಬಾಯಿ ಮುಚ್ಚಿದಳು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆ ಬರುವವರೆಗೆ ಶಾಲೆಯಲ್ಲಿ ಒಂದು ಮಾತಿಲ್ಲ. ಗಂಡ ಎಂದೂ ಅದನ್ನೆತ್ತಿ ಆಡಲಿಲ್ಲ. ಆಡಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆನೇನೋ. ಡಿಸೆಂಬರ್‌ನಲ್ಲಿ ಅವಳು ಪಕ್ಕದಲ್ಲಿ ಕೂರುವ ಹುಡುಗಿಯೊಬ್ಬಳ ಕಿವಿಯಲ್ಲಿ ಪಿಸುಗುಟ್ಟಲು ಶುರುಮಾಡಿದಳು. ಅಲ್ಲಿಂದ ನಿಧಾನಕ್ಕೆ ಗಟ್ಟಿಯಾಯಿತು.

ಆ ಚಳಿಗಾಲ ಅಟ್ಲಾಂಟಾದವರು ನಮ್ಮ ರಿಂಕ್‌ಗೆ ಆಡಲು ಬಂದರು. ನಾನು ಬೆಂಚಿನ ಹಿಂದೆ ನಿಂತಿದ್ದೆ. ಮೂರು ಅವಧಿಗಳ ಆಟದಲ್ಲಿ ಚೆಂಡಿನ ಬದಲು ಓಡುವ ಆ ಕಪ್ಪು ಬಿಲ್ಲೆ ಎಲ್ಲಿತ್ತೋ ನನಗೆ ಗೊತ್ತಿಲ್ಲ. ನಾನು ನೋಡಿದ್ದು ಒಂದು ಎಡಭುಜವನ್ನು ಮಾತ್ರ. ಅವನು ಗೋಡೆಗೆ ಒತ್ತಿಕೊಂಡು ತೋಳು ಚಾಚಿದಾಗಲೆಲ್ಲ ನನ್ನ ಉಸಿರು ನಿಲ್ಲುತ್ತಿತ್ತು. ಒಮ್ಮೆ ಬಿದ್ದ, ಅದೇ ಕೈ ಊರಿದ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವನು ಎದ್ದು ಹಿಂದೆ ಹಿಂದೆ ಜಾರುತ್ತಾ ಯಾರಿಗೋ ಕೂಗಿ ಏನೋ ಹೇಳುತ್ತಿದ್ದ. ಆಟ ಮುಗಿದ ಮೇಲೆ ದೂರದಿಂದ ಕೋಲೆತ್ತಿ ತೋರಿಸಿದ. ಬಲಗೈಯಿಂದಲೋ ಎಡಗೈಯಿಂದಲೋ ಎಂದು ನಾನು ಮೊದಲು ನೋಡಿದೆ.

ಅವನು ಇನ್ನೆರಡು ಸೀಸನ್ ಆಡಿದ. ಕೊನೆಗೆ ಆಟ ಬಿಡಿಸಿದ್ದು ಮೊಣಕಾಲು, ನಾನು ಒಮ್ಮೆಯೂ ಮುಟ್ಟಿ ನೋಡದ ಮೊಣಕಾಲು.

ಅಷ್ಟರಲ್ಲಿ ನಮ್ಮ ತಂಡವೇ ಊರು ಬಿಟ್ಟಿತ್ತು. ರಿಂಕ್‌ನ ಲೀಸ್ ಮುಂದುವರಿಯಲಿಲ್ಲ. ಯಾರೋ ತಂಡವನ್ನು ಕೊಂಡು ಬೇರೆ ರಾಜ್ಯಕ್ಕೆ ಒಯ್ದರು. ಉಳಿಸಿಕೊಳ್ಳಲೆಂದು ಬರೆದ ಒಂಬತ್ತು ಜನರಲ್ಲಿ ಆ ತಂಡದ ಜೊತೆ ಹೋದವರು ಮೂವರು. ಹತ್ತೊಂಬತ್ತನೇ ನಂಬರಿನ ಹುಡುಗ ಆಟವನ್ನೇ ಬಿಟ್ಟು ಅಪ್ಪನ ಅಂಗಡಿ ಸೇರಿದ. ಕೋಚ್‌ರನ್ನು ಹೊಸ ಮಾಲೀಕರು ಕರೆಯಲಿಲ್ಲ.

ನನ್ನ ಸಾಮಾನು ತರಲು ಹೋದ ದಿನ ಅವರು ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪು ಅಂಟಿಸುತ್ತಿದ್ದರು. "ಕ್ಲಿನಿಕ್‌ನಲ್ಲಿ ನಿನ್ನ ಕೆಲಸ ಉಳಿಯುತ್ತದಾ?" ಎಂದು ಕೇಳಿದರು.

"ಉಳಿಯುತ್ತದೆ ಅಂದಿದ್ದಾರೆ. ಬರೆದು ಕೊಟ್ಟಿಲ್ಲ."

"ಬರೆಸಿಕೋ" ಎಂದರು, ತಲೆಯೆತ್ತದೆ. ನಾನು ಪೆಟ್ಟಿಗೆಯ ಇನ್ನೊಂದು ಬದಿಯನ್ನು ಒತ್ತಿ ಹಿಡಿದೆ, ಅವರು ಟೇಪು ಎಳೆದರು.