ನಮ್ಮ ಫ್ರೆಂಚ್ ವ್ಯಾನು ಯಾವ ವರ್ಷದ್ದು?

ಅಮೆರಿಕದ ಹಿಲ್ಸ್‌ಬರೋದ ನಮ್ಮ ಡ್ರೈವ್‌ವೇಯಲ್ಲಿ ನಿಂತಿದ್ದ ಹಳೇ ಫ್ರೆಂಚ್ ವ್ಯಾನನ್ನು ನೋಡಿದವರೆಲ್ಲ ಪಂಡಿತರೇ. ಮೈಯೆಲ್ಲ ಸುಕ್ಕುತಗಡು, ಮುಂದೆ ಹಂದಿಯಂಥ ಮೂತಿ. ಪಕ್ಕದ ಬೀದಿಯ ಅಂಕಲ್ ಒಬ್ಬರು ಅದರ ಬೆನ್ನು ತಟ್ಟಿ, "ಏನಮ್ಮಾ, ಇದು ನಮ್ಮ ಮೆಟಡೋರ್‌ಗೆ ಅಣ್ಣ ಅಲ್ವಾ?" ಎಂದು ನಕ್ಕರು. ನನಗೆ ಮೈ ಉರಿಯಿತು. ಅದು ಯಾರ ಅಣ್ಣನಾದರೇನು, ನನಗೆ ಬೇಕಿದ್ದದ್ದು ಅದು ಹುಟ್ಟಿದ ವರ್ಷ.

ವ್ಯಾನಿನ ಬ್ರೇಕ್ ಹಿಡಿಯುತ್ತಿರಲಿಲ್ಲ. ಮೇ ತಿಂಗಳ ಮೊದಲ ಶನಿವಾರ ಊರಿನ ಫಾರ್ಮರ್ಸ್ ಮಾರ್ಕೆಟ್ ಶುರು. ಆವತ್ತು ವ್ಯಾನ್ ಹೋಗಿ ನಿಲ್ಲದಿದ್ದರೆ ನನ್ನ ಜಾಗ ಬೇರೆಯವರಿಗೆ. ವ್ಯಾನಿನಲ್ಲಿ ಗೋಳಿಬಜೆ, ಬನ್ಸ್ ಮಾರುತ್ತೇನೆಂದು ಇದ್ದ ಆಫೀಸ್ ಕೆಲಸ ಬಿಟ್ಟವಳು ನಾನು. ಕಾದು ಕಾದು ಸಿಕ್ಕಿದ್ದ ಜಾಗ ಅದು.

ಬ್ರೇಕಿನ ಸಾಮಾನು ಫ್ರಾನ್ಸಿನಿಂದಲೇ ಬರಬೇಕು. ಹಳೇ ಮಾದರಿಗೆ ಒಂದು ಥರ, ಆಮೇಲಿನದಕ್ಕೆ ಇನ್ನೊಂದು ಥರ. ವ್ಯಾನಿನ ನಂಬರಿದ್ದ ತಗಡನ್ನು ಹಿಂದಿನ ಮಾಲೀಕ ಎಲ್ಲಿ ಕಳೆದಿದ್ದನೋ. ಸಾಮಾನು ಮಾರುವವನು ಫೋನಿನಲ್ಲಿ ಕೇಳಿದ್ದು ಒಂದೇ: ಡ್ರೈವರ್ ಬಾಗಿಲಿನ ಕೀಲು ಯಾವ ಕಡೆಗಿದೆ? ಹಳೆಯವಕ್ಕೆ ಕೀಲು ಹಿಂದೆ ಇರುತ್ತದಂತೆ, ಬಾಗಿಲು ನಮ್ಮ ಕಾರುಗಳಿಗೆ ತದ್ವಿರುದ್ಧವಾಗಿ ತೆರೆಯುತ್ತದಂತೆ. ಹೋಗಿ ನೋಡಿದೆ. ಕೀಲು ಮುಂದೆ ಇತ್ತು. ಹಾಗಿದ್ದರೆ ಹೊಸ ಮಾದರಿಯೇ ಎಂದು ಸಾಮಾನು ಕಳಿಸಿದ. ಬಂತು, ಆದರೆ ಕೂರಲೇ ಇಲ್ಲ.

ತಲೆ ಕೆಟ್ಟು, ಇಂಟರ್ನೆಟ್ಟಿನ ಚಿತ್ರಗಳನ್ನು ಹಿಡಿದುಕೊಂಡು ವ್ಯಾನಿನ ಸುತ್ತ ಸುತ್ತಿದೆ. ಹಿಂದಿನ ಮಡ್‌ಗಾರ್ಡ್ ಹಳೇ ಮಾದರಿಯದರಂತೆ ಗುಂಡಗಿದೆ, ಬಾಗಿಲು ಮಾತ್ರ ಹೊಸದರಂತಿದೆ. ಬಾಗಿಲಿನ ಹಿಂದಿನ ಕಂಬದ ಮೇಲೆ ಬಣ್ಣ ಉಬ್ಬಿತ್ತು. ಉಗುರಿನಿಂದ ಕೆರೆದೆ. ಹಳೇ ಕೀಲಿನ ತೂತುಗಳನ್ನು ಮುಚ್ಚಿ ಬಣ್ಣ ಬಳಿದಿದ್ದರು!

"ಈ ಬಾಗಿಲು ಬದಲಾಯಿಸಿದ್ದು ಯಾರು?"

ಗಿಡಕ್ಕೆ ನೀರು ಬಿಡುತ್ತಿದ್ದ ನನ್ನ ಗಂಡ ಪೈಪನ್ನು ಕೆಳಗಿಟ್ಟರು. "ನಾನೇ ಕಣೇ. ಮನೆಗೆ ತರೋ ಮುಂಚೇನೇ ಮಾಡಿಸ್ದೆ. ಓಡ್ತಿರೋವಾಗ ಗಾಳಿಗೆ ಬಾಗಿಲು ತೆಕ್ಕೊಂಡು ನೀನು ಬಿದ್ದುಬಿಟ್ರೆ ಅಂತ ಭಯ ಆಯ್ತು."

"ನಾನು ಇಷ್ಟು ದಿನ ಇದೇ ಬಾಗಿಲು ನೋಡಿ ಒದ್ದಾಡ್ತಿದ್ದೆ. ಬಾಯಿ ಬಿಡ್ಲಿಕ್ಕೆ ಏನಾಗಿತ್ತು ನಿಮ್ಗೆ?"

"ನೀನು ಬಾಗಿಲು ನೋಡಿ ಆರ್ಡರ್ ಮಾಡಿದ್ದು ಅಂತ ಗೊತ್ತಾಗೋ ಹೊತ್ತಿಗೆ ಆ ಪಾರ್ಟ್ ಬಂದಾಗಿತ್ತು. ಬೈತೀಯ ಅಂತ ಸುಮ್ನಿದ್ದೆ."

ಬೈದೆ. ಗಂಟಲು ಕಟ್ಟುವವರೆಗೂ ಬೈದೆ. ಹಳೇ ಮಾದರಿಯ ಸಾಮಾನಿಗೆ ಆರ್ಡರ್ ಮಾಡಿದೆವು, ಶನಿವಾರದೊಳಗೆ ಬರಲಿಲ್ಲ. ಆವತ್ತು ಕಾರಿನಲ್ಲಿ ಮಾರ್ಕೆಟ್ಟಿಗೆ ಹೋದರೆ ನನ್ನ ಜಾಗದಲ್ಲಿ ಯಾರೋ ಪಾಪ್‌ಕಾರ್ನ್ ಹುರಿಯುತ್ತಿದ್ದರು, ಮುಂದೆ ಉದ್ದ ಕ್ಯೂ. ಅಳು ಬಂತು. ಗಂಡ ಭುಜದ ಮೇಲೆ ಕೈಯಿಟ್ಟು, "ಸಾರಿ ಕಣೇ, ನಿನ್ ಮೇಲಿನ ಪ್ರೀತಿಗೆ ಮಾಡಿದ್ದು" ಎಂದರು.

ಅದು ಸುಳ್ಳಲ್ಲ ಎಂದು ಗೊತ್ತಿದ್ದದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಇನ್ನೊಂದ್ಸಲ ಹಾಗೆ ಪ್ರೀತಿ ಉಕ್ಕಿ ಬಂದ್ರೆ," ಎಂದೆ, "ಮೊದ್ಲು ನನ್ನತ್ರ ಒಂದು ಮಾತು ಕೇಳಿ ಮಾರಾಯ್ರೆ."