ಕಾಶವ್ವನ ನೋಟ, ಇಂಚರಳ ಕತ್ತರಿ

ನಮ್ಮ ಇಂಚರಳ ವಿಷಯ ಹೇಳಬೇಕೆಂದರೆ ಮೊದಲು ಅವಳ ಬಾಯಿಯ ವಿಷಯ ಹೇಳಬೇಕು. ಅದು ತೆರೆಯುವುದೇ ಅಪರೂಪ. ತೆರೆದರೂ ಹಿಂದಿ. ನಾನು ಅವಳ ಚಿಕ್ಕಮ್ಮ, ವೇದಾ. ಅಚ್ಚ ಮೈಸೂರು ಕನ್ನಡದಲ್ಲಿ ನಾನು ಗಂಟೆಗಟ್ಟಲೆ ಒದರಿದರೂ ಎಲ್ಲ ಅರ್ಥ ಮಾಡಿಕೊಂಡು, ಕೊನೆಗೆ ‘ಠೀಕ್ ಹೈ’ ಎಂದು ಮುಗಿಸಿಬಿಡುವ ಹುಡುಗಿ. ಅಕ್ಕ ಭಾವ ಡೊಂಬಿವಲಿಯಲ್ಲಿದ್ದಾರೆ, ಕಾಲೇಜು ಠಾಣೆ ಪಟ್ಟಣದಲ್ಲಿ. ದಿನಾ ಬೆಳಗ್ಗೆ ಆ ಲೋಕಲ್ ಗಾಡಿಯ ನೂಕುನುಗ್ಗಲು ಬೇಡವೆಂದು ಅಲ್ಲಿನ ವರ್ತಕ ನಗರದ ನನ್ನ ಮನೆಯಲ್ಲೇ ಇದ್ದಾಳೆ. ನಾನು ಒಂಟಿ, ನನಗೂ ಬೈಯಲು ಒಂದು ಜನ ಬೇಕಿತ್ತು.

ಓದುತ್ತಿರುವುದು ಟೆಲಿವಿಷನ್. ಮಗಳು ಸಿ.ಎ. ಮಾಡಲಿಲ್ಲವೆಂದು ಭಾವ ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಸೀರಿಯಲ್ ತೆಗೆಯುವುದೂ ಒಂದು ವಿದ್ಯೆಯೇ ಎಂದು ನಾನೂ ಆಡಿಕೊಂಡವಳೇ. ಅದರಲ್ಲೂ ಇವಳು ಆರಿಸಿಕೊಂಡದ್ದು ಎಡಿಟಿಂಗ್. ಬೇರೆಯವರು ತೆಗೆದದ್ದನ್ನು ಕತ್ತರಿಸುವುದು, ಅಂಟಿಸುವುದು. ದರ್ಜಿ ಕೆಲಸಕ್ಕೆ ಇಷ್ಟೊಂದು ಫೀಸೇ ಎಂದು ಕೇಳಿದ್ದೆ. ಅವಳು ಠೀಕ್ ಹೈ ಎಂದಿದ್ದಳು.

ಕೊನೆಯ ವರ್ಷ ಒಂದು ಎಪಿಸೋಡು ಮಾಡಿ ಒಪ್ಪಿಸಬೇಕು. ಇವರದು ಕ್ರೈಮ್ ಕಥೆ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ಇಲ್ಲಿನ ಒಂದು ಕೇಬಲ್ ಚಾನೆಲ್‌ನವರು ತೋರಿಸುತ್ತಾರೆ, ಅದನ್ನು ಎಡಿಟ್ ಮಾಡಿದವರಿಗೆ ಅಲ್ಲೇ ಕೆಲಸ ಕೊಡುತ್ತಾರೆ. ಇಂಚರಳ ಆಸೆಯೆಲ್ಲ ಆ ಕೆಲಸದ ಮೇಲೆ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುವುದನ್ನೇ ಮರೆಯುತ್ತಿದ್ದಳು. ಅಷ್ಟು ನೋಡಿದರೆ ನನಗೆ ಗೊತ್ತಾಗುವುದಿಲ್ಲವೇ?

ಯೋಜನೆಯೆಲ್ಲ ನಡೆದದ್ದು ನನ್ನ ಊಟದ ಮೇಜಿನ ಮೇಲೆ. ಮನೀಶ ಎಂಬ ಹುಡುಗ ನಿರ್ದೇಶಕ, ಸೋನಾಲಿ ಎಂಬ ಹುಡುಗಿ ಕ್ಯಾಮೆರಾ, ನಮ್ಮವಳು ಎಡಿಟರ್. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ವಾಚ್‌ಮನ್ ಕಳ್ಳತನ ನೋಡಿಬಿಡುತ್ತಾನೆ, ಅವನ ಕೊಲೆಯಾಗುತ್ತದೆ, ಇನ್‌ಸ್ಪೆಕ್ಟರ್ ಕಳ್ಳನನ್ನು ಹುಡುಕುತ್ತಾನೆ. ಕಥೆ ಇಷ್ಟೇ. ಆದರೆ ಇವರ ಹತ್ತಿರ ಏನೂ ಇಲ್ಲ. ಪೊಲೀಸ್ ಜೀಪಿಲ್ಲ. ಬಾಡಿಗೆಗೆ ತಂದ ಖಾಕಿ ಪ್ಯಾಂಟು ಮನೀಶನ ಹೊಟ್ಟೆಗೆ ಹತ್ತುವುದಿಲ್ಲ, ಇನ್‌ಸ್ಪೆಕ್ಟರ್ ಪಾತ್ರಕ್ಕೆ ಅವನನ್ನು ಬಿಟ್ಟರೆ ಬೇರೆ ಗತಿಯೂ ಇಲ್ಲ. ಹೆಣವಾಗಿ ರಸ್ತೆಯಲ್ಲಿ ಮಲಗಲು ಯಾರೂ ತಯಾರಿಲ್ಲ.

ಇಂಚರ ಒಂದೊಂದಕ್ಕೂ ಒಂದೊಂದು ದಾರಿ ಹೇಳಿದಳು. ಇನ್‌ಸ್ಪೆಕ್ಟರ್ ಸೊಂಟದ ಮೇಲೆ ಮಾತ್ರ ಕಾಣಲಿ. ಜೀಪು ಬೇಡ, ಕಾರ್ಖಾನೆಯ ಗೋಡೆಯ ಮೇಲೆ ಕೆಂಪು ನೀಲಿ ಬೆಳಕು ಹಾದುಹೋದರೆ ಸಾಕು. ಅದಕ್ಕೆ ನನ್ನ ಗಣಪತಿ ಹಬ್ಬದ ದೀಪದ ಸರ ಹೋಯಿತು. ಹೆಣವೂ ಬೇಡ, ಒದ್ದೆ ರಸ್ತೆಯಲ್ಲಿ ಒಂದೇ ಒಂದು ಚಪ್ಪಲಿ, ಅದನ್ನು ನೋಡಿ ನಿಂತ ಚಹಾದವನ ಮುಖ. ಅಷ್ಟನ್ನು ಜೋಡಿಸಿ ತೋರಿಸಿದಾಗ ನನಗೆ ಎದೆ ಧಸಕ್ಕೆಂದಿತು. ಅಯ್ಯೋ ಶಿವನೇ, ಅದು ನಾನು ಎಸೆಯಲು ಇಟ್ಟಿದ್ದ ಚಪ್ಪಲಿ!

ಇನ್ನುಳಿದದ್ದು ವಾಚ್‌ಮನ್ನನ ಹೆಂಡತಿ. ಪೊಲೀಸರು ಮನೆಗೆ ಬಂದು ಸುದ್ದಿ ಮುಟ್ಟಿಸುವ ದೃಶ್ಯ ಒಂದಿತ್ತು. ಅದಿಲ್ಲದಿದ್ದರೆ ಕೊಲೆಯಾದರೂ ಯಾರಿಗೇನು ಎಂದು ಇಂಚರಳ ವಾದ. ನಾನು ಕಾಶವ್ವನವರ ಹೆಸರು ಹೇಳಿದೆ. ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದವರು, ಬಾಗಲಕೋಟೆ ಕಡೆಯವರು. ಗಂಡ ಶಂಕರೆಪ್ಪನವರಿಗೆ ಕಳವಾ ಎಂಬಲ್ಲಿ ಲೋಕಲ್ ಗಾಡಿಗಳ ಕಾರ್‌ಶೆಡ್ಡಿನಲ್ಲಿ ನೌಕರಿ, ಅಲ್ಲೇ ಹತ್ತಿರ ಮನೆ. ಸಂಘದ ನಾಟಕಗಳಲ್ಲಿ ಕಾಶವ್ವ ವೇದಿಕೆ ಹತ್ತಿದರೆ ಮೈಕೇ ಬೇಡ. ಕೇಳಿದ ಕೂಡಲೇ ಒಪ್ಪಿದರು. ಮನೀಶ ಅವರಿಗೆ ವಾಚ್‌ಮನ್ನನ ಹೆಂಡತಿಯ ಪಾತ್ರ ಎಂದಷ್ಟೇ ಹೇಳಿದ್ದ. ವಾಚ್‌ಮನ್ ಇದ್ದಾನೋ ಹೋದನೋ ಎಂದು ಹೇಳುವುದನ್ನು ಮರೆತಿದ್ದ.

ಅದು ಹೊರಬಿದ್ದದ್ದು ಶೂಟಿಂಗ್ ದಿನ, ಕಾಶವ್ವನ ಆ ಪುಟ್ಟ ಮನೆಯಲ್ಲಿ ಎಲ್ಲರೂ ಗೋಡೆಗೆ ಅಂಟಿಕೊಂಡು ನಿಂತಿದ್ದಾಗ. ಸುದ್ದಿ ಕೇಳಿ ನೀವು ಕುಂಕುಮ ಅಳಿಸಿಕೊಳ್ಳಬೇಕು, ಬಳೆ ಒಡೆದುಕೊಳ್ಳಬೇಕು ಎಂದು ಮನೀಶ ಹಿಂದಿಯಲ್ಲಿ ವಿವರಿಸಿದ. ಕಾಶವ್ವ ನನ್ನ ಕಡೆ ತಿರುಗಿದರು. ದನಿ ಏರಿಸಲಿಲ್ಲ.

“ನಮ್ಮನಿಯವ್ರು ಗಟ್ಟಿಮುಟ್ಟ ಅದಾರ ವೇದಕ್ಕ. ಇನ್ನೇನು ಡ್ಯೂಟಿ ಮುಗಿಸಿ ಬರ್ತಾರ. ನಾಟಕ ಇವ್ರದು ಇರಬಹುದು, ಹಣಿ ನಂದೈತಿ.”

ಮನೀಶ ಇದು ಬರೀ ನಟನೆ ಎಂದ, ಕೈ ಮುಗಿದ, ಬೆವತ. ಅವರು ಜಗ್ಗಲಿಲ್ಲ. ಮುತ್ತೈದೆಯ ಹಣೆ ಅದು, ನಾನೂ ಯಾವ ಬಾಯಲ್ಲಿ ಒತ್ತಾಯ ಮಾಡಲಿ? ಆಗ ನಮ್ಮ ಮೂಕಿ ಮುಂದೆ ಬಂದಳು. ಕಾಶವ್ವನ ಎದುರು ಕುಕ್ಕರಗಾಲಲ್ಲಿ ಕೂತು ಕನ್ನಡದಲ್ಲಿ ಮಾತಾಡಿದಳು. ಅವಳ ಬಾಯಲ್ಲಿ ಅಷ್ಟುದ್ದದ ಕನ್ನಡ ನಾನು ಕೇಳಿದ್ದೇ ಮೊದಲು.

“ಆಂಟಿ, ನಿಮ್ಮ ಕುಂಕುಮ ಯಾರೂ ಮುಟ್ಟಲ್ಲ. ನಾನು ನಿಮ್ಮನ್ನ ವಿಧವೆ ಮಾಡಲ್ಲ. ಪ್ರಾಮಿಸ್. ನೀವು ರೊಟ್ಟಿ ಮಾಡಿ, ಸಾಕು.”

ಕಾಶವ್ವ ಹೂಂ ಎಂದು ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯತೊಡಗಿದರು. ಸೋನಾಲಿ ಕ್ಯಾಮೆರಾ ಹಿಡಿದಳು. ಮನೀಶ ಮುನಿಸಿಕೊಂಡು ಮೂಲೆಗೆ ಹೋದ. ಆದರೆ ಮನೆಯೊಳಗೆ ಆಡಬಾರದ ಮಾತು ಆಡಿಯಾಗಿತ್ತಲ್ಲ, ಕಾಶವ್ವನ ಜೀವ ನೆಲೆಯಲ್ಲಿರಲಿಲ್ಲ. ಶಂಕರೆಪ್ಪ ಬರುವ ಹೊತ್ತು ಮೀರಿತ್ತು. ಓಣಿಯಲ್ಲಿ ಯಾರದೇ ಹೆಜ್ಜೆ ಸದ್ದಾದರೂ ರೊಟ್ಟಿಯ ಮೇಲಿನ ಕೈ ನಿಧಾನವಾಗುತ್ತಿತ್ತು. ಕೊನೆಗೆ ಬಾಗಿಲು ಬಡಿದ ಸದ್ದಾಯಿತು. ಕೈ ನಿಂತಿತು. ಅವರು ಮುಖ ಎತ್ತಿ ನೋಡಿದರು. ಬಾಗಿಲು ತೆರೆದು ಒಳಗೆ ಬಂದವರು ಶಂಕರೆಪ್ಪ. ತಡ ಮಾಡಿದ್ದಕ್ಕೆ ಚೆನ್ನಾಗಿ ಬೈಸಿಕೊಂಡರು, ನಾವೆಲ್ಲ ರೊಟ್ಟಿ ತಿಂದು ಎದ್ದು ಬಂದೆವು.

ಆಮೇಲಿನ ದಿನಗಳಲ್ಲಿ ಇಂಚರ ಕಾಲೇಜು ಮುಗಿಸಿ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

ಟಪಟಪ ರೊಟ್ಟಿ ಬಡಿಯುವ ಸದ್ದು. ಮೆಟ್ಟಿಲು ಹತ್ತುವ ಖಾಕಿ ಅಂಗಿ. ಮತ್ತೆ ರೊಟ್ಟಿ. ಬಾಗಿಲು ಬಡಿದ ಸದ್ದು. ಕಾಶವ್ವನ ಕೈ ನಿಂತಿತು, ಮುಖ ಮೇಲೆದ್ದಿತು. ಮನೀಶ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ, ಮಾತಾಡಲಿಲ್ಲ. ಮತ್ತೆ ಕಾಶವ್ವನ ಅದೇ ಮುಖ, ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಹಿಂದೆಲ್ಲೋ ಒಂದು ಲೋಕಲ್ ಗಾಡಿ ಹಾದುಹೋಯಿತು. ಅಷ್ಟೇ. ಪರದೆ ಕಪ್ಪಾಯಿತು.

ಸೊಪ್ಪು ಕೈಯಲ್ಲೇ ಉಳಿಯಿತು. ಆ ಬಾಗಿಲಿಂದ ಬಂದದ್ದು ಶಂಕರೆಪ್ಪನವರು, ನಾನೇ ಪಕ್ಕದಲ್ಲಿ ನಿಂತು ನೋಡಿದ್ದೇನೆ, ಅವರ ಜೊತೆ ಕೂತು ರೊಟ್ಟಿ ತಿಂದಿದ್ದೇನೆ. ಆದರೂ ಆ ಕ್ಷಣ ಅವರು ಸತ್ತರು. ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ಅತ್ತಿಲ್ಲ, ಒಂದು ಮಾತಿಲ್ಲ. ಎರಡು ತುಣುಕನ್ನು ಅಕ್ಕಪಕ್ಕ ಇಟ್ಟು ಈ ಹುಡುಗಿ ಒಂದು ಸಾವನ್ನೇ ಸೃಷ್ಟಿಸಿದ್ದಳು. ಇಂಥ ವಿದ್ಯೆಯೂ ಇದೆಯೇ! ದರ್ಜಿ ಕೆಲಸ ಎಂದಿದ್ದೆನಲ್ಲ, ನನ್ನ ಬಾಯಿಗೆ ಮಣ್ಣು ಹಾಕಬೇಕು.

ಬೆರಗು ಇಳಿಯುವ ಮೊದಲೇ ಸಿಟ್ಟೂ ಬಂತು. ಕುಂಕುಮ ಮುಟ್ಟಲಿಲ್ಲ, ನಿಜ. ಆದರೆ ವಿಧವೆ ಮಾಡುವುದಿಲ್ಲವೆಂದು ಮಾತು ಕೊಟ್ಟು, ಮಾಡಿದ್ದೇನು? ಹಾಗೆಂದು ಕೇಳಿಯೇ ಬಿಟ್ಟೆ. ಅವಳ ಮುಖ ಸಣ್ಣದಾಯಿತು.

“ಗೊತ್ತು ಚಿಕ್ಕಮ್ಮ. ಮೊದಲು ಅವರಿಗೆ ತೋರಿಸ್ತೀನಿ. ಬೇಡ ಅಂದ್ರೆ ತೆಗೀತೀನಿ.”

ಒಪ್ಪಿಸಬೇಕಾದದ್ದು ಮಾರನೆಯ ದಿನವೇ. ಆ ನೋಟ ತೆಗೆದರೆ ಎಪಿಸೋಡಿನಲ್ಲಿ ಏನೂ ಉಳಿಯುವುದಿಲ್ಲ, ಚಾನೆಲ್ಲೂ ಇಲ್ಲ, ನಿನ್ನ ಕೆಲಸವೂ ಇಲ್ಲ ಎಂದು ಮನೀಶ ಫೋನಿನಲ್ಲಿ ಕೂಗಾಡಿದ. ಕೇಳದೆ ಕಳಿಸಿಬಿಡು, ಆ ಆಂಟಿ ಕೇಬಲ್ ನೋಡುತ್ತಾಳೆಯೇ ಎಂದ. ಇಂಚರ ಫೋನಿಟ್ಟು ಚಪ್ಪಲಿ ಮೆಟ್ಟಿಕೊಂಡಳು. ನಾನೂ ಹೊರಟೆ. ರಿಕ್ಷಾದಲ್ಲಿ ಅವಳು ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಕೂತಳು.

ಗಂಡಹೆಂಡತಿ ಇಬ್ಬರೂ ಮನೆಯಲ್ಲಿದ್ದರು. ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಂಚರ ಪೂರ್ತಿ ತೋರಿಸಿದಳು. ಆ ಜಾಗ ಬಂದಾಗ ಶಂಕರೆಪ್ಪನವರು ಜೋರಾಗಿ ನಕ್ಕು, ನಾ ಹೋದ್ನಲ್ರೀ ಎಂದರು. ಕಾಶವ್ವ ನಗಲಿಲ್ಲ. ಇಂಚರ ತಡವರಿಸುತ್ತಾ, ಆಂಟಿ, ನೀವು ಬೇಡ ಅಂದರೆ ತೆಗೆಯುತ್ತೇನೆ ಎಂದಳು. ಕಾಶವ್ವ ಬೆರಳಿಂದ ಪರದೆ ತೋರಿಸಿದರು. ಅವತ್ತು ಬಾಗಿಲು ತೆಗೆದ ಮೇಲೆ ಆದದ್ದೂ ನಿನ್ನ ಡಬ್ಬಿಯಲ್ಲಿ ಇದೆಯೇ ಎಂದು ಕೇಳಿದರು. ಇತ್ತು. ಕತ್ತರಿಸಿ ಬದಿಗಿಟ್ಟ ತುಣುಕನ್ನು ಇಂಚರ ಹುಡುಕಿ ತೆರೆದಳು.

ಬಾಗಿಲು ತೆರೆಯುತ್ತದೆ. ಶಂಕರೆಪ್ಪ ಒಳಗೆ ಬಂದವರೇ ಬಗ್ಗಿ ಬೂಟು ಬಿಚ್ಚುತ್ತಾರೆ. ಕಾಶವ್ವ ಅವರನ್ನು ನೋಡುತ್ತಿದ್ದಾರೆ. ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿ, ಎಲ್ಲ ನೆಟ್ಟಗಿದೆಯೆಂದು ಖಾತ್ರಿಯಾಗುತ್ತಲೇ, ಆ ಭಯವೆಲ್ಲ ಇಳಿದು, ಹಾಲು ಉಕ್ಕುವ ಮೊದಲು ಮೆಲ್ಲಗೆ ಏಳುತ್ತದಲ್ಲ, ಹಾಗೆ ಮುಖದ ತುಂಬ ಏನೋ ಏಳುತ್ತದೆ. ಶಂಕರೆಪ್ಪ ತಲೆ ಎತ್ತುತ್ತಾರೆ. ಅಷ್ಟರಲ್ಲಿ ಕಾಶವ್ವ ರೊಟ್ಟಿಯ ಕಡೆ ತಿರುಗಿ, ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ರಿ ಎಂದು ಬೈಯುತ್ತಿದ್ದಾರೆ.

ಪಕ್ಕದಲ್ಲೇ ನಿಂತಿದ್ದ ನಾನೂ ಅವತ್ತು ಅದನ್ನು ನೋಡಿರಲಿಲ್ಲ. ಕಾಶವ್ವ ಸೆರಗು ಬಾಯಿಗೆ ಹಿಡಿದು ಮುಖ ಪಕ್ಕಕ್ಕೆ ತಿರುಗಿಸಿದರು. ಶಂಕರೆಪ್ಪನವರ ನಗು ನಿಂತುಹೋಗಿತ್ತು.

“ನಾ ತಲಿ ಎತ್ತೂದ್ರಾಗ ಇಕಿ ತಿರಗಿಬಿಡ್ತಾಳ್ರಿ,” ಎಂದರು ನನ್ನ ಕಡೆ ನೋಡಿ. “ಇಷ್ಟು ವರ್ಷ ನಾ ಬೈಗುಳಾನ ಕೇಳೀನಿ.”

ಕಾಶವ್ವ ಕಣ್ಣೊರೆಸಿಕೊಂಡು ಇಂಚರಳ ತಲೆಯ ಮೇಲೆ ಕೈಯಿಟ್ಟರು.

“ನಿನ್ನ ನಾಟಕದಾಗ ಅವ್ರು ಬರೂದು ಬ್ಯಾಡ, ಹಂಗ ಇರ್ಲಿ. ನನ್ನ ಮನಿಗೆ ಬಂದಾರಲ್ಲ, ನೋಡಿದ್ನಿ. ಮೊದಲಿಂದು ಟಿವಿಯವ್ರಿಗೆ ಕೊಡವಾ. ಇದನ್ನ ಮಾತ್ರ ಯಾರಿಗೂ ಕೊಡಬ್ಯಾಡ.”

ಇಂಚರ ತಲೆಯಾಡಿಸಿದಳು. ಶಂಕರೆಪ್ಪನವರು ಗೋಡೆಯ ಗೂಡಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಪರದೆಯ ಹತ್ತಿರಕ್ಕೆ ಸರಿದು ಕೂತರು. ಇನ್ನೊಮ್ಮೆ ಹಚ್ಚವಾ ಎಂದರು. ಅವಳು ಇನ್ನೊಮ್ಮೆ ಹಾಕಿದಳು.